ಎಲೆಯ ಲೆಕ್ಕ: ಹಣ್ಣಿನ ತೋಟಗಳಲ್ಲಿ ಲೇಸರ್ ಅಳತೆಯ ಚರಿತ್ರೆ

ಹಣ್ಣಿನ ತೋಟಗಳಿಗೆ ಲೇಸರ್ ಬಂದದ್ದನ್ನು ಉಪಕರಣದ ಕಥೆಯಾಗಿ ಹೇಳುವುದು ರೂಢಿ. 1960ರಲ್ಲಿ ಲೇಸರ್ ಹುಟ್ಟಿತು, ವಿಮಾನವೇರಿ ಕಾಡನ್ನು ಅಳೆಯಿತು, ಬೆಲೆ ಇಳಿದ ಮೇಲೆ ಟ್ರ್ಯಾಕ್ಟರಿನ ಬೆನ್ನೇರಿ ತೋಟಕ್ಕೆ ಬಂತು ಎಂಬುದು ಆ ಕಥೆ. ಪ್ರಕಟಿತ ಸಂಶೋಧನೆಗಳನ್ನು ವರ್ಷವಾರು ಓದುತ್ತ ಹೋದರೆ ಅದು ಅರ್ಧಸತ್ಯ ಎಂಬುದು ತಿಳಿಯುತ್ತದೆ. ತೋಟದ ಪ್ರಶ್ನೆ ಅಲ್ಲಿಗೆ ಬಂದ ಲೇಸರಿಗಿಂತ ಹಳೆಯದು, ಕಾಡಿನ ಪ್ರಶ್ನೆಗಿಂತ ಬೇರೆಯದು. ಕಾಡನ್ನು ಅಳೆಯುವವರಿಗೆ ಮುಖ್ಯವಾಗಿ ಬೇಕಿದ್ದದ್ದು ಮರದ ಎತ್ತರ ಮತ್ತು ದಿಮ್ಮಿಯ ಪ್ರಮಾಣ. ತೋಟದವರಿಗೆ ಬೇಕಿದ್ದದ್ದು ಎಲೆಯ ಲೆಕ್ಕ: ಈ ಒಂದು ಹೆಕ್ಟೇರಿನಲ್ಲಿ ಎಷ್ಟು ಎಲೆಯಿದೆ, ಅದನ್ನು ತೋಯಿಸಲು ಎಷ್ಟು ಔಷಧ ಸಾಕು? ತೋಟದ ಲೇಸರ್ ಅಳತೆ ಬೆಳೆದದ್ದು ಸಿಂಪಡಣೆಯ ಈ ಲೆಕ್ಕದಿಂದ. ಅದರ ಬಲ ಮತ್ತು ಮಿತಿ ಎರಡಕ್ಕೂ ಈ ಹುಟ್ಟೇ ಕಾರಣ ಎಂಬುದು ನನ್ನ ವಾದ.

ಔಷಧದ ಪ್ರಮಾಣವನ್ನು ಎಕರೆಗಿಷ್ಟು ಎಂದು ನೆಲದ ಮೇಲೆ ಹೇಳುವುದು ಗದ್ದೆಗೆ ಸರಿ, ಮರಕ್ಕಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಬೈಯರ್ಸ್ ಮತ್ತು ಸಂಗಡಿಗರು 1971ರಲ್ಲಿ ಈ ತೊಡಕನ್ನು ಎತ್ತಿಕೊಂಡು, ಪ್ರಮಾಣವನ್ನು ಮರಸಾಲಿನ ಘನಗಾತ್ರಕ್ಕೆ ಕಟ್ಟುವ ದಾರಿ ತೋರಿದರು. ಮರದ ಎತ್ತರವನ್ನು ಅಗಲದಿಂದ ಗುಣಿಸಿ, ಅದನ್ನು 10,000ದಿಂದ ಗುಣಿಸಿ, ಸಾಲುಗಳ ಅಂತರದಿಂದ ಭಾಗಿಸಿದರೆ ಒಂದು ಹೆಕ್ಟೇರಿನ ಗಾತ್ರ ಘನ ಮೀಟರುಗಳಲ್ಲಿ ಸಿಗುತ್ತದೆ. 6 ಮೀಟರ್ ಎತ್ತರ, 6 ಮೀಟರ್ ಅಗಲದ ಮರಗಳನ್ನು 9 ಮೀಟರ್ ಅಂತರದ ಸಾಲುಗಳಲ್ಲಿ ನೆಟ್ಟ ಹಳೆಯ ಬಗೆಯ ಸೇಬಿನ ತೋಟದಲ್ಲಿ ಅದು 40,000 ಘನ ಮೀಟರ್. 3 ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲದ ಗಿಡ್ಡ ಮರಗಳನ್ನು 4 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ 11,250. ನೆಲ ಅಷ್ಟೇ, ಮರ ಮೂರೂವರೆ ಪಟ್ಟು ಹೆಚ್ಚು. ಎಕರೆ ಲೆಕ್ಕದಲ್ಲಿ ಎರಡಕ್ಕೂ ಒಂದೇ ಪ್ರಮಾಣ ಹೊಡೆದರೆ ಗಿಡ್ಡ ಮರಗಳ ತೋಟದಲ್ಲಿ ಬಹುಪಾಲು ಔಷಧ ಮಣ್ಣಿಗೂ ಗಾಳಿಗೂ ಹೋಗುತ್ತದೆ. ಆದರೆ ಈ ಸೂತ್ರ ಮರಸಾಲನ್ನು ಸಂದುಗಳಿಲ್ಲದ ಪೆಟ್ಟಿಗೆಯೆಂದು ಭಾವಿಸುತ್ತದೆ. ಇದನ್ನು ಅರಿತೇ 1984ರಲ್ಲಿ ಸಟನ್ ಮತ್ತು ಅನ್‌ರಾತ್ ಎಲೆಯ ದಟ್ಟಣೆಗೆ ತಕ್ಕ ತಿದ್ದುಪಡಿಯೊಂದಿಗೆ ಸೂತ್ರವನ್ನು ಪರೀಕ್ಷಿಸಿದರು. ದಟ್ಟಣೆಯನ್ನು ಕಣ್ಣಂದಾಜಿನಿಂದ ನಿರ್ಧರಿಸುವುದಾದರೆ ಸೂತ್ರದ ನಿಖರತೆ ಅಲ್ಲೇ ಸೋರಿಹೋಗುತ್ತದೆ. ಲೇಸರ್ ತುಂಬಬೇಕಾಗಿದ್ದದ್ದು ಈ ಜಾಗವನ್ನು.

ಮೊದಲು ಯತ್ನಿಸಿದ್ದು ಶಬ್ದ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಗೈಲ್ಸ್ ಮತ್ತು ಜೊತೆಗಾರರು 1988ರಲ್ಲಿ ಅಲ್ಟ್ರಾಸಾನಿಕ್ ಸಂವೇದಕಗಳಿಂದ ಮರದ ಹರವಿನ ಗಾತ್ರ ಅಳೆದರು. ಮರುವರ್ಷವೇ ಇಂಗ್ಲೆಂಡಿನ ವಾಕ್ಲೇಟ್ ಬೆಳೆಯ ಆಕಾರವನ್ನು ಅಳೆಯುವ ಲೇಸರ್ ಸ್ಕ್ಯಾನರ್ ಒಂದನ್ನು ವಿವರಿಸಿದರು. ಶಬ್ದವೇ ಸಾಕಿತ್ತಲ್ಲ, ಇನ್ನೂ ಅಗ್ಗವಲ್ಲವೇ ಎಂಬ ಆಕ್ಷೇಪಕ್ಕೆ 2002ರ ಎರಡು ಅಧ್ಯಯನಗಳು ಉತ್ತರ ಕೊಡುತ್ತವೆ. ಫ್ಲಾರಿಡಾದ ಕಿತ್ತಳೆ ಜಾತಿಯ ತೋಟಗಳಲ್ಲಿ ಟುಂಬೊ, ಸಾಲ್ಯಾನಿ ಮತ್ತಿತರರು ಎರಡೂ ಉಪಕರಣಗಳನ್ನು ಹೋಲಿಸಿದಾಗ ಎರಡೂ ಕೈಯಳತೆಗೆ ಚೆನ್ನಾಗಿ ಹೊಂದಿದವು, ಸೂಕ್ಷ್ಮತೆಯಲ್ಲಿ ಲೇಸರ್ ಮುಂದಿತ್ತು. ಬರೀ ಗಾತ್ರವೇ ಗುರಿಯಾದರೆ ಆಕ್ಷೇಪದಲ್ಲಿ ಹುರುಳಿದೆ ಎಂದು ಒಪ್ಪಬೇಕು. ಆದರೆ ಶಬ್ದ ದೂರ ಹೋದಂತೆ ಅಗಲವಾಗಿ ಹರಡಿ, ಎದುರಾದ ಎಲೆಗುಂಪಿನಿಂದ ಒಂದೇ ಪ್ರತಿಧ್ವನಿ ತರುತ್ತದೆ. ಲೇಸರಿನ ಕಿರಿದಾದ ಕಿರಣ ಎಲೆಗಳ ಸಂದಿನಲ್ಲಿ ನುಗ್ಗಿ ಒಳಗಿನ ಕೊಂಬೆಯನ್ನೋ ಆಚೆಯ ಸಾಲನ್ನೋ ಮುಟ್ಟುತ್ತದೆ. ಎಷ್ಟು ಕಿರಣಗಳು ತಡೆಯಲ್ಪಟ್ಟವು, ಎಷ್ಟು ದಾಟಿದವು ಎಂಬುದರಿಂದ ದಟ್ಟಣೆ ಲೆಕ್ಕಕ್ಕೆ ಸಿಗುತ್ತದೆ. ಅದೇ ವರ್ಷ ವಾಕ್ಲೇಟ್, ಕ್ರಾಸ್ ಮತ್ತು ಸಂಗಡಿಗರು ಸೇಬಿನ ತೋಟಗಳಲ್ಲಿ ಔಷಧ ಎಲೆಗೆ ಅಂಟುವ ಪ್ರಮಾಣದ ಬೇರೆಬೇರೆ ಮಾದರಿಗಳನ್ನು ಹೋಲಿಸಲು ಲೇಸರ್ ಅಳತೆಯನ್ನು ಬಳಸಿದ್ದು ಇದೇ ಕಾರಣಕ್ಕೆ. ಅಲ್ಲಿಂದಾಚೆಗೆ ಹೊರಗಾತ್ರದ ಜೊತೆಗೆ ಒಳದಟ್ಟಣೆಯೂ ಅಳತೆಯ ವಸ್ತುವಾಯಿತು.

ಹಾಗಾದರೆ ಲೇಸರ್ ಎಲೆಯನ್ನು ಅಳೆಯುತ್ತದೆಯೇ? ಇಲ್ಲ, ಅದು ಅಳೆಯುವುದು ಅಡ್ಡಿಯನ್ನು. 3 ಮೀಟರ್ ದೂರದ ಎಲೆಗೆ ತಾಗಿದ ಬೆಳಕು ಸುಮಾರು 20 ನ್ಯಾನೋಸೆಕೆಂಡುಗಳಲ್ಲಿ ಮರಳುತ್ತದೆ. ತಾಗಿದ್ದು ಎಲೆಯೋ ರೆಂಬೆಯೋ ಕಾಯಿಯೋ ಎಂಬುದನ್ನು ಆ ಸಮಯ ಹೇಳುವುದಿಲ್ಲ. ಕಿರಣದ ಅರ್ಧ ಎಲೆಯಂಚಿಗೆ ತಾಗಿ ಉಳಿದರ್ಧ ಹಿಂದಿನದಕ್ಕೆ ತಾಗಿದರೆ, ನಡುವೆ ಎಲ್ಲೂ ಇಲ್ಲದ ಬಿಂದುವೊಂದು ಮೂಡುತ್ತದೆ. ಮುಂದಿನ ಎಲೆ ಹಿಂದಿನದನ್ನು ಮರೆಮಾಡುತ್ತದೆ. ಈ ತೊಡಕುಗಳನ್ನು ಎದುರಿಸಿದ ಸ್ಪೇನಿನ ಯೇಯ್ಡಾದ ರೊಸೆಲ್, ಸಾನ್ಸ್ ಮತ್ತು ತಂಡದವರ ಕೆಲಸವನ್ನು ಈ ಚರಿತ್ರೆಯ ಬೆನ್ನೆಲುಬು ಎನ್ನಬೇಕು. ಟ್ರ್ಯಾಕ್ಟರಿಗೆ ಕಟ್ಟಿದ, ಒಂದೇ ಸಮತಲದಲ್ಲಿ ಬೀಸುವ ಸ್ಕ್ಯಾನರನ್ನು ಸಾಲಿನುದ್ದಕ್ಕೂ ಓಡಿಸಿ ಮೂರು ಆಯಾಮದ ಮರವನ್ನು ಕಟ್ಟುವ ವಿಧಾನವನ್ನು ಅವರು 2009ರಲ್ಲಿ ಪ್ರಕಟಿಸಿದರು. ಅದನ್ನು ಒರೆಗೆ ಹಚ್ಚಲು ಅವರು ಹಿಡಿದದ್ದು ಅತ್ಯಂತ ಹಳೆಯ ದಾರಿ: ಮರದ ಎಲೆಗಳನ್ನು ಕೈಯಿಂದ ಕಿತ್ತು ವಿಸ್ತೀರ್ಣ ಅಳೆದದ್ದು. ಯಂತ್ರದ ಸಂಖ್ಯೆಗೆ ಬೆಲೆ ಬಂದದ್ದು ಈ ಶ್ರಮದಿಂದ. ಲೇಸರ್ ಮನುಷ್ಯನ ಕೈಯಳತೆಯನ್ನು ತೆಗೆದುಹಾಕಿತು ಎನ್ನುವವರು ಈ ಹಂತವನ್ನು ಓದದೆ ದಾಟಿರುತ್ತಾರೆ.

ಸಿಂಪಡಣೆಯಲ್ಲಿ ಈ ವಿದ್ಯೆ ಬೇಗ ಫಲ ಕೊಟ್ಟಿತು. ಒಹಾಯೊದಲ್ಲಿ ಹೆಪಿಂಗ್ ಜು ಮತ್ತು ಸಹೋದ್ಯೋಗಿಗಳು ಲೇಸರ್ ಕಂಡಂತೆ ಒಂದೊಂದು ನಳಿಕೆಯ ಹರಿವನ್ನೂ ಬದಲಿಸುವ ಯಂತ್ರವನ್ನು 2012ರ ಹೊತ್ತಿಗೆ ರೂಪಿಸಿದ್ದರು. ಇಳುವರಿಯ ಪ್ರಶ್ನೆ ಅಷ್ಟು ಸುಲಭವಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಅಂಡರ್‌ವುಡ್ ಮತ್ತಿತರರು ಸುಮಾರು 580 ಬಾದಾಮಿ ಮರಗಳನ್ನು ಎರಡು ವರ್ಷ ಹೂವಿನ ಕಾಲದಲ್ಲಿ, ಕಾಯಿ ಕಟ್ಟಿದಾಗ, ಕೊಯ್ಲಿಗೆ ಮುನ್ನ ಸ್ಕ್ಯಾನ್ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾಮೆರಾ ಕಂಡ ಹೂವಿನ ದಟ್ಟಣೆಗೂ ಇಳುವರಿಗೂ ಬಲವಾದ ನಂಟು ಸಿಗಲಿಲ್ಲ. ಹೂವನ್ನೂ ಕಾಯನ್ನೂ ಗುರುತಿಸದ ಲೇಸರಿನ ಗಾತ್ರದ ಅಳತೆಗೂ ಇಳುವರಿಗೂ ನಡುವೆ, ಇಳುವರಿ ಅಳೆದ 39 ಮರಗಳಲ್ಲಿ, 0.77ರ ನಿರ್ಧಾರಕ ಗುಣಾಂಕ (1 ಎಂದರೆ ಪೂರ್ತಿ ಹೊಂದಿಕೆ) ಬಂತು. ದೊಡ್ಡ ಮರ ಹೆಚ್ಚು ಕೊಡುತ್ತದೆ ಎಂಬುದು ಯಾವ ತೋಟಗಾರನಿಗೆ ಗೊತ್ತಿಲ್ಲ, ಇದಕ್ಕೆ ಲೇಸರ್ ಬೇಕೇ ಎಂದು ಕೇಳಬಹುದು. ಬೇಕು, ಏಕೆಂದರೆ ಎಷ್ಟು ಹೆಚ್ಚು ಎಂಬುದು ಗೊತ್ತಾದಾಗಲೇ ಗಾತ್ರಕ್ಕೆ ತಕ್ಕ ಫಸಲು ಕೊಡದ ಮರ ಎದ್ದು ಕಾಣುತ್ತದೆ. ಆದರೂ 39 ಮರಗಳ ಸಾಕ್ಷ್ಯವನ್ನು ಎಲ್ಲ ತೋಟಗಳಿಗೆ ಹಿಗ್ಗಿಸುವುದು ತಪ್ಪು.

ಗಾತ್ರಕ್ಕೂ ಇಳುವರಿಗೂ ಇರುವ ಆ ನಂಟಿನ ಹಿಂದಿರುವುದು ಬೆಳಕು. ಡೇವಿಸ್‌ನ ಲ್ಯಾಂಪಿನೆನ್ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲಿ ಮರಗಳು ಹಿಡಿದ ಬೆಳಕಿನ ಪ್ರತಿ ಶೇಕಡ 1ಕ್ಕೆ ಎಕರೆಗೆ ಸುಮಾರು 50 ಪೌಂಡ್ ತಿರುಳು ಸಾಧ್ಯ ಎಂದು ಕಂಡುಕೊಂಡಿದ್ದಾರೆ. ಇದು ಮೇಲ್ಮಿತಿ, ಪ್ರತಿವರ್ಷದ ಭರವಸೆಯಲ್ಲ. ಆಸ್ಟ್ರೇಲಿಯಾದ ಆವಕಾಡೊ ತೋಟಗಳಲ್ಲಿ ವೆಸ್ಟ್ಲಿಂಗ್ ಮತ್ತು ಸಂಗಡಿಗರು ಲೇಸರಿನ ಬಿಂದುರಾಶಿಯ ಮೂಲಕ ಸೂರ್ಯಕಿರಣಗಳನ್ನು ಗಣಕದಲ್ಲಿ ಹಾಯಿಸಿ, ಆ ಲೆಕ್ಕವನ್ನು ತೋಟದಲ್ಲೇ ಅಳೆದ ಬೆಳಕಿನೊಂದಿಗೆ ತಾಳೆ ನೋಡಿದರು. ಇಲ್ಲಿ ಎಲೆ ಕೀಳುವ ಅಗತ್ಯವಿಲ್ಲ. ಡ್ರೋನ್ ಚಿತ್ರಗಳಿಂದ ಇದೇ ಕೆಲಸ ಅಗ್ಗವಾಗಿ ಆಗದೇ ಎಂಬ ಇತ್ತೀಚಿನ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ: ಮೇಲಿನಿಂದ ತೆಗೆದ ಚಿತ್ರ ಮರದ ನೆತ್ತಿಯನ್ನು ಚೆನ್ನಾಗಿ ತೋರಿಸುತ್ತದೆ, ಒಳಗಿನ ಕತ್ತಲೆಯನ್ನು ತೋರಿಸುವುದಿಲ್ಲ, ಯಾವ ಕೊಂಬೆ ಸವರಬೇಕೆಂದು ನಿರ್ಧರಿಸಲು ಬೇಕಾದದ್ದು ಒಳಗಿನ ಸ್ಥಿತಿಯೇ. ಕರ್ನಾಟಕದಲ್ಲಿ 10 ಮೀಟರ್ ಅಂತರದಲ್ಲಿ ಬಿಡಿಬಿಡಿಯಾಗಿ ನಿಂತ ಹಳೆಯ ಮಾವಿನ ಮರಗಳಿಗೆ ಸಾಲಿನ ಸೂತ್ರ ಹೊಂದುವುದಿಲ್ಲ, ಅಷ್ಟು ದೊಡ್ಡ ಮರದ ಎಲೆಗಳನ್ನು ಕಿತ್ತು ಎಣಿಸುವುದೂ ಆಗದ ಮಾತು. ಅಂಥ ಮರಗಳಿಗೆ ಲೇಸರ್ ಅಳತೆ ಬರುವುದಾದರೆ ಸೇಬಿನ ಸಿಂಪಡಣೆಯ ಸೂತ್ರ ಹೊತ್ತು ಬರಬಾರದು. ಆವಕಾಡೊ ತೋಟದಲ್ಲಿ ನಡೆದಂತೆ, ಮರದಡಿಯ ಬೆಳಕನ್ನು ಅಳೆದು ತಾಳೆ ನೋಡುವ ಕೆಲಸ ಮೊದಲು ಆಗಬೇಕು.