ಬಾವಿ ದಡದ ಕಸುಬುಗಳು

ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಸುತ್ತಮುತ್ತ ಐಟಿಐ ಮುಗಿಸಿದ ಹುಡುಗರು ಈಗ ಕೇಳುವುದು ಒಂದೇ ಮಾತು: "ಸೋಲಾರ್ ಲೈನಲ್ಲಿ ಕೆಲಸ ಸಿಗುತ್ತಾ ಅಣ್ಣ?" ನಾನು ಮೋಟಾರ್ ವೈಂಡಿಂಗ್ ಮಾಡಿಕೊಂಡು ಬದುಕಿದವನು. ಸರ್ಕಾರದ ಲೆಕ್ಕಪತ್ರ ನನಗೆ ತಿಳಿಯದು. ಆದರೆ ನಮ್ಮ ಹೋಬಳಿಯಂಥ ಒಣನೆಲದಲ್ಲಿ ನೀರೆತ್ತುವ ಶಕ್ತಿ ಬದಲಾದಾಗಲೆಲ್ಲ ಯಾರ ಕೈಗೆ ಕೆಲಸ ಬಂತು, ಯಾರ ಕೈಯಿಂದ ಜಾರಿತು ಎಂಬುದು ಬಾವಿ ದಡದಲ್ಲಿ ನಿಂತವರಿಗೆಲ್ಲ ಗೊತ್ತಿರುವ ಸಂಗತಿ.

ಮೊದಲಿದ್ದದ್ದು ಕಪಿಲೆ. ಜೋಡಿ ಎತ್ತು ಇಳಿಜಾರಿನಲ್ಲಿ ಮುಂದೆ ಹೋದರೆ ಚರ್ಮದ ಬಾನಿ ತುಂಬಿ ಮೇಲೆ ಬರುತ್ತಿತ್ತು, ಹಿಂದೆ ಸರಿದರೆ ಬಾವಿಗಿಳಿಯುತ್ತಿತ್ತು. ಹುಲ್ಲು ತಿಂದು ನೀರೆತ್ತುವ ಯಂತ್ರ ಅದು. ಇವತ್ತು ನವೀಕರಿಸಬಹುದಾದ ಇಂಧನ ಎಂದು ಭಾಷಣ ಮಾಡುವವರು ನೆನಪಿಡಲಿ, ನಮ್ಮಜ್ಜಂದಿರು ನೀರೆತ್ತಲು ಬೇರೆ ಯಾವ ಇಂಧನವನ್ನೂ ಬಳಸಿದವರಲ್ಲ. ಒಂದು ಕಪಿಲೆಯ ಹಿಂದೆ ಎಷ್ಟು ಮನೆಗಳಿದ್ದವು ನೋಡಿ. ರಾಟೆ ಕೆತ್ತುವ ಬಡಗಿ, ಬಾನಿಯ ಬಾಯಿಗೆ ಕಬ್ಬಿಣದ ಬಳೆ ಬಡಿಯುವ ಕಮ್ಮಾರ, ಚರ್ಮ ಹದ ಮಾಡಿ ಬಾನಿ, ಮಿಣಿ ಹೊಲಿಯುವ ಮಾದಿಗರ ಕೇರಿಯವರು. ಇವರಿಗೆಲ್ಲ ಸುಗ್ಗಿಯಲ್ಲಿ ಕಣದ ಮೇಲೆ ಆಯ ಸಿಗುತ್ತಿತ್ತು. ಆಯ ಕೊಡುವಾಗ ಗೌರವವನ್ನೂ ಸಮನಾಗಿ ಅಳೆದು ಕೊಡುತ್ತಿದ್ದರು ಎಂದು ಮಾತ್ರ ನಾನು ಹೇಳಲಾರೆ.

ಆಯಿಲ್ ಎಂಜಿನ್ ಬಂದಾಗ ಮೊದಲು ಕೆಲಸ ಹೋದದ್ದು ಆ ಕೇರಿಯವರಿಗೆ. ಬಾನಿ ಹೊಲಿಯುವವನನ್ನು ಕರೆದು ಎಂಜಿನ್ ಬಿಚ್ಚಿ ಜೋಡಿಸಲು ಯಾರೂ ಕಲಿಸಲಿಲ್ಲ. ಆ ವಿದ್ಯೆ ಬೀರೂರು, ಕಡೂರಿನ ಗ್ಯಾರೇಜುಗಳ ಪಾಲಾಯಿತು. ಕಮ್ಮಾರರ ಮಕ್ಕಳಲ್ಲಿ ಕೆಲವರು ಹೇಗೋ ವೆಲ್ಡಿಂಗ್ ಹಿಡಿದುಕೊಂಡರು.

ಕರೆಂಟಿನ ಕಥೆ ಹಳೆಯದು, ಆದರೆ ನಮಗೆ ಬಹಳ ತಡವಾಗಿ ತಲುಪಿದ್ದು. ಶಿವನಸಮುದ್ರದಲ್ಲಿ 1902ರಲ್ಲೇ ಹರಿಯುವ ನೀರಿನಿಂದ ವಿದ್ಯುತ್ ತೆಗೆದರು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ನಮ್ಮ ಜಿಲ್ಲೆಯಲ್ಲೇ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಎದ್ದು ಅಲ್ಲೂ ವಿದ್ಯುತ್ ತೆಗೆದರು. 1964–65ರ ಹೊತ್ತಿಗೆ ಶರಾವತಿ ಯೋಜನೆಯ ವಿದ್ಯುತ್ತೂ ಸೇರಿಕೊಂಡಿತು. ಹೊಲದ ಕಂಬಕ್ಕೆ ತ್ರೀ ಫೇಸ್ ತಂತಿ ಬಂದದ್ದು ಇದಾದ ಮೇಲೆ.

ತಂತಿಯ ಹಿಂದೆಯೇ ನಮ್ಮ ಕಸುಬು ಬಂತು. ನಿಜ ಹೇಳಬೇಕೆಂದರೆ ಲೋ ವೋಲ್ಟೇಜೇ ನಮಗೆ ಅನ್ನ ಹಾಕಿದ್ದು. ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುತ್ತಿದ್ದರು, ವೋಲ್ಟೇಜ್ ಕುಸಿಯುತ್ತಿತ್ತು. ಇಲ್ಲವೇ ಒಂದು ಫೇಸ್ ಹೋಗಿರುತ್ತಿತ್ತು, ಮೋಟಾರ್ ಗುಂಯ್ ಎಂದು ನಿಂತಲ್ಲೇ ಸುಡುತ್ತಿತ್ತು. ಬೆಳಗಾಗುವಷ್ಟರಲ್ಲಿ ರೈತ ಅದನ್ನು ಗಾಡಿಯಲ್ಲಿ ಹೇರಿಕೊಂಡು ಅಂಗಡಿ ಮುಂದೆ ಬಂದಿರುತ್ತಿದ್ದ. ಕರಕಲಾದ ಕಾಯಿಲ್ ಕತ್ತರಿಸಿ ತೆಗೆಯಬೇಕು, ಎಷ್ಟು ಸುತ್ತು, ಯಾವ ಗೇಜು ಎಂದು ಬರೆದುಕೊಳ್ಳಬೇಕು, ಸ್ಲಾಟ್ ಉಜ್ಜಿ ಪೇಪರ್ ಕೂರಿಸಬೇಕು, ಹೊಸ ತಾಮ್ರದ ತಂತಿಯನ್ನು ಎಳೆ ಎಳೆಯಾಗಿ ಬಿಡಿಸಿ ಇಳಿಸಬೇಕು. ಕೊನೆಗೆ ವಾರ್ನಿಷ್ ಹೊಯ್ದು ಒಣಗಿಸಬೇಕು. ಒಂದು ಕಡೆ ಎನಾಮಲ್ ಕೆರೆದುಹೋಗಿದ್ದರೂ ಸಾಕು, ಮೋಟಾರ್ ವಾರದೊಳಗೆ ವಾಪಸು ಬರುತ್ತದೆ. ಆಮೇಲೆ ತೆರೆದ ಬಾವಿ ಬತ್ತಿ ಕೊಳವೆಬಾವಿ ಬಂತು, ಸಬ್‌ಮರ್ಸಿಬಲ್ ಬಂತು. ತಂತಿಗೆ ಎನಾಮಲ್ ಬದಲು ಪ್ಲಾಸ್ಟಿಕ್ ಕವಚ, ವಾರ್ನಿಷ್ ಬದಲು ಒಳಗೇ ನೀರು. ಟ್ರೈಪಾಡ್ ನಿಲ್ಲಿಸಿ ಪೈಪ್ ಎತ್ತುವ ತಂಡಗಳು ಹುಟ್ಟಿಕೊಂಡವು. ತೆಂಗು, ಅಡಿಕೆ ಹೆಚ್ಚಿದಷ್ಟೂ ನೀರು ಆಳಕ್ಕೆ ಹೋಯಿತು, ನಮ್ಮ ಕೆಲಸವೂ ಹೆಚ್ಚಿತು. ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ.

ಈಗ ಪಿಎಂ ಕುಸುಮ್ ಯೋಜನೆ ಬಂದಿದೆ. 2019ರಲ್ಲಿ ಶುರುವಾದದ್ದು. ಸಬ್ಸಿಡಿಯಲ್ಲಿ ಸೌರ ಪಂಪ್‌ಸೆಟ್ ಕೊಡುತ್ತಾರೆ. ರಾತ್ರಿ ಕರೆಂಟಿಗೆ ಕಾಯುವುದು ತಪ್ಪಿತೆಂದು ರೈತನಿಗೆ ಸಮಾಧಾನ. ಆದರೆ ಪಂಪ್ ನಿಂತರೆ ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆಯೇ ಬೇರೆ. ಮೋಟಾರ್ ಚೆನ್ನಾಗಿರುತ್ತದೆ, ಕಂಟ್ರೋಲರ್ ಡಬ್ಬಿಯಲ್ಲಿ ಒಂದು ಸಂಖ್ಯೆ ಮಿನುಗುತ್ತಿರುತ್ತದೆ. ಆ ಸಂಖ್ಯೆ ಓದಲು ಬರಬೇಕು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಕನೆಕ್ಟರ್ ಸಡಿಲವಾದರೂ ಇಡೀ ಸಾಲು ಸತ್ತಂತೆ. ಮೀಟರ್ ಹಿಡಿದು ಒಂದೊಂದನ್ನೇ ನೋಡುತ್ತ ಹೋಗಬೇಕು. ಎಸಿ ಕರೆಂಟಿನಲ್ಲಿ ಪಳಗಿದ ಕೈಗೆ ಡಿಸಿ ಇನ್ನೊಂದು ಪಾಠ ಕಲಿಸುತ್ತದೆ: ಬಿಸಿಲಿರುವಾಗ ಲೋಡ್ ಮೇಲೆ ಕನೆಕ್ಟರ್ ಎಳೆದರೆ ಹತ್ತಿಕೊಂಡ ಕಿಡಿ ಸುಲಭಕ್ಕೆ ಆರುವುದಿಲ್ಲ. ಮೊದಲು ಐಸೊಲೇಟರ್ ಆಫ್ ಮಾಡಬೇಕು.

ದೊಡ್ಡ ಕೆಲಸ ದೊಡ್ಡ ಸೋಲಾರ್ ಪಾರ್ಕಿನಲ್ಲಿದೆ ಎಂದು ಹುಡುಗರು ಲೆಕ್ಕ ಹಾಕುತ್ತಾರೆ. ಪಾವಗಡದ ಶಕ್ತಿಸ್ಥಳ ನೋಡಿ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಟ್ಟವರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಕಟ್ಟುವ ಕಾಲದಲ್ಲಿ ಕೈತುಂಬ ಕೂಲಿ ಇತ್ತು. ಕಟ್ಟಿ ಮುಗಿದ ಮೇಲೆ ಊರವರಿಗೆ ಉಳಿದದ್ದು ಹೆಚ್ಚಾಗಿ ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಕಾವಲು. ಹೊಲವಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವೂ ಇಲ್ಲ. ಹೊಸದುರ್ಗದ ಕಡೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳದ್ದೂ ಇದೇ ಕಥೆ. ಒಮ್ಮೆ ನಿಲ್ಲಿಸಿದರೆ ಕೆಲವೇ ಜನ ಸಾಕು. ಆದರೆ ಆ ಕೆಲವರು ಕಂಬದೊಳಗಿನ ಏಣಿ ಹತ್ತಿ, ಎತ್ತರದಲ್ಲಿ ನಿಂತು ಬೋಲ್ಟ್ ಬಿಗಿಯಬಲ್ಲ, ಗೇರ್ ಎಣ್ಣೆ ನೋಡಬಲ್ಲ, ಸುರಕ್ಷತೆಯ ತರಬೇತಿ ಆಗಿರುವವರೇ ಆಗಬೇಕು.

ಇದಕ್ಕೆ ಹೊರತಾದ ಉದಾಹರಣೆಯೂ ನಮ್ಮಲ್ಲೇ ಇದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ, 1987ರಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಘಟಕದವರು ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ಅಸ್ತ್ರವನ್ನು 1974ರಲ್ಲಿ ಕಟ್ಟಿದವರು ಎ.ಕೆ.ಎನ್. ರೆಡ್ಡಿ. ಆ ಸ್ಥಾವರ ನಡೆಸಿದವರು ತರಬೇತಿ ಪಡೆದ ಅದೇ ಊರಿನ ಹುಡುಗರು. ಸಗಣಿ ತಂದು ಹಾಕಿದವರಿಗೂ ದುಡ್ಡು. ಊರಿನ ದೀಪ ಊರಿನವರಿಗೇ ಕೆಲಸ ಕೊಟ್ಟಿತು. ಮೆಗಾವಾಟ್ ಲೆಕ್ಕದಲ್ಲಿ ಅದು ಏನೂ ಅಲ್ಲ. ನನಗೆ ಮಾತ್ರ ಪಾವಗಡಕ್ಕಿಂತ ಪುರ ದೊಡ್ಡದಾಗಿ ಕಾಣುತ್ತದೆ.

ಹುಡುಗರಿಗೆ ನಾನು ಹೇಳುವುದು ಇಷ್ಟು. ಕಟ್ಟುವ ಕೆಲಸ ಬಂದು ಹೋಗುತ್ತದೆ, ರಿಪೇರಿ ಕೆಲಸ ಊರಲ್ಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದವರಿಗೆ ಕೇಂದ್ರ ಸರ್ಕಾರ 2015ರಲ್ಲಿ ಸೂರ್ಯಮಿತ್ರ ತರಬೇತಿ ಶುರುಮಾಡಿತು. ಸೌರ ಪಂಪಿಗೆಂದೇ ವರುಣಮಿತ್ರ, ಗಾಳಿಯಂತ್ರಕ್ಕೆ ವಾಯುಮಿತ್ರ ಎಂಬ ಹೆಸರಿನವೂ ಬಂದವು. ಅರ್ಜಿ ಕರೆದಾಗ ಹಾಕಿ. ವೈಂಡಿಂಗನ್ನೂ ಬಿಡಬೇಡಿ, ಪ್ಯಾನೆಲ್ ಕೆಳಗೂ ಓಡುವುದು ಮೋಟಾರೇ. ತರಬೇತಿ ಕೊಡುವವರಲ್ಲಿ ನನ್ನದೊಂದು ಅರಿಕೆ: ಬಾನಿ ಹೊಲಿದವರ ಮೊಮ್ಮಕ್ಕಳ ಕೇರಿಗೂ ಹೋಗಿ ಅರ್ಜಿ ಫಾರಂ ಕೊಟ್ಟು ಬನ್ನಿ.