ಗಡಿಯಾಚೆಯ ಕಾಲೇಜು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಮಡಕಶಿರಾ ಮೊದಲೇ ಅನಂತಪುರ ಜಿಲ್ಲೆಯದು; ಜಿಲ್ಲೆಯೊಡನೆ ಅದೂ ಹೋಯಿತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು ಕಾಸರಗೋಡಿಗೆ ಏನಾಯಿತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಗಡಿಯ ಕತೆಯನ್ನು ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಮಾತಾಗಿಯೇ ಹೇಳುತ್ತ ಬಂದಿದ್ದೇವೆ. ವೈದ್ಯಶಿಕ್ಷಣದ ಮಾತು ಬಂದದ್ದು ಕಡಮೆ. ಬಳ್ಳಾರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಆರಂಭವಾದದ್ದು 1961ರಲ್ಲಿ. ಮುಂದೆ ವಿಮ್ಸ್ ಎಂದು ಹೆಸರಾದದ್ದು ಅದೇ. ಜಿಲ್ಲೆ ಒಡೆಯದಿದ್ದರೆ ಅದು ರಾಯದುರ್ಗದವರ ಜಿಲ್ಲಾ ಕಾಲೇಜಾಗಿರುತ್ತಿತ್ತು. ಅನಂತಪುರಕ್ಕೆ ಸರಕಾರಿ ಮೆಡಿಕಲ್ ಕಾಲೇಜು ಬಂದದ್ದು 2000ದಲ್ಲಿ. ನಡುವಿನ 39 ವರ್ಷ ನಮ್ಮ ಮಕ್ಕಳಿಗೆ ಕರ್ನೂಲು, ತಿರುಪತಿಗಳೇ ದಾರಿ. ರೋಗಿಗಳು ಮಾತ್ರ ಬಳ್ಳಾರಿ ಬಸ್ಸು ಹತ್ತುತ್ತಿದ್ದರು.

ಆದರೂ ಒಂದು ಬಾಗಿಲು ತೆರೆದಿದೆ. ಕರ್ನಾಟಕದ 2006ರ ವೃತ್ತಿಶಿಕ್ಷಣ ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮಿದೆ. ಹೆಸರಿಸಿದ ತಾಲೂಕುಗಳಲ್ಲಿ ನೆಲೆಸಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಅಲ್ಲಿನ ಸರಕಾರಿ ಸೀಟಿಗೆ ಅರ್ಜಿ ಹಾಕಬಹುದು. ಆ ಪಟ್ಟಿಯಲ್ಲಿ ನಮ್ಮ ರಾಯದುರ್ಗ, ಮಡಕಶಿರಾಗಳಿವೆ. ನಿಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳೂ ಇವೆ. ನೀಟ್ ಅಂಕದ ಜೊತೆಗೆ ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಕನ್ನಡ ಬರೆಯಲು ಕಲಿಸಿದ್ದು ಹೀಗೂ ಉಪಯೋಗಕ್ಕೆ ಬರುತ್ತದೆ! ನೀಟ್ ಪ್ರಶ್ನೆಪತ್ರಿಕೆಯಂತೂ 2017ರಿಂದ ಕನ್ನಡದಲ್ಲೂ ಇದೆ. ಮಲೆಯಾಳ ಸೇರಿದ್ದು 2021ರಲ್ಲಿ.

ನಾನು ರಾಯದುರ್ಗದ ಬ್ಯಾಂಕೊಂದರಲ್ಲಿ ಗುಮಾಸ್ತ. ಜೀನ್ಸ್ ಹೊಲಿದು ಬದುಕುವ ಮನೆಗಳ ತಾಯಂದಿರು ಕೌಂಟರಿಗೆ ಬರುತ್ತಾರೆ. ಮಗಳ ಅಂಕ ಕೇಳಿದರೆ ಮುಖ ಅರಳುತ್ತದೆ. ಡಾಕ್ಟರಿಕೆ ಓದಿಸಿರೆಂದರೆ, "ನಮ್ಮಂಥೋರಿಗೆಲ್ಲಿ ಸಾರ್" ಎನ್ನುತ್ತಾರೆ. ಈ ಕಲಮಿನ ಹೆಸರು ಕೇಳಿದವರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ದುಡ್ಡಿನ ಅಡ್ಡಿ ಇದ್ದೇ ಇದೆ, ಅದಕ್ಕೆ ಶಿಕ್ಷಣ ಸಾಲವಾದರೂ ಉಂಟು. ತಿಳಿಯದಿರುವುದಕ್ಕೆ ಯಾವ ಬ್ಯಾಂಕೂ ಸಾಲ ಕೊಡದು.

ಕಾಗದಪತ್ರದ ತೊಡಕು ಬೇರೆ. ಆಂಧ್ರದಲ್ಲಿ 1985ರಲ್ಲಿ ತಾಲೂಕು ಹೋಗಿ ಮಂಡಲ ಬಂತು. ನಿಯಮ ಇನ್ನೂ ತಾಲೂಕಿನ ಮಾತನ್ನೇ ಆಡುತ್ತದೆ. ಹಳೆಯ ಮಡಕಶಿರಾ ತಾಲೂಕಿನ ಅಗಳಿ, ರೊಳ್ಳ, ಅಮರಾಪುರಗಳು ಈಗ ಬೇರೆ ಬೇರೆ ಮಂಡಲಗಳು. ಸಾಲದೆಂಬಂತೆ 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ವಾಸದ ದಾಖಲೆ, ವ್ಯಾಸಂಗ ಪತ್ರ ಹೊಂದಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದುದರಿಂದ ಹನ್ನೆರಡನೆಯ ತರಗತಿಯ ತನಕ ಕಾಯಬೇಡಿ. ಮಗು ಹೈಸ್ಕೂಲಿಗೆ ಸೇರಿದಾಗಲೇ ದಾಖಲೆಯಲ್ಲಿ ಮಾತೃಭಾಷೆ ಏನೆಂದು ಬರೆದಿದ್ದಾರೆ, ನೋಡಿಕೊಳ್ಳಿ.

ನಮ್ಮ ಕಡೆಯ ಅಜ್ಜಿಯೊಬ್ಬಳು "ಎದಿ ಹಿಡದಂಗಾಗ್ತೈತೆ" ಎಂದರೆ, ಮೊಮ್ಮಗ ತೆಲುಗಿಗೆ ತಿರುಗಿಸಿ ಹೇಳಬೇಕು, ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು. ನಿಮ್ಮಲ್ಲಿ ಆ ತೆಲುಗಿನ ಜಾಗದಲ್ಲಿ ಮಲೆಯಾಳವಿದೆ, ಅಷ್ಟೇ.