‘ಸಹಕರಿಸು’ ಎಂದರೆ ಯಾರೊಡನೆ?

‘ಕಾಮಗಾರಿ ನಡೆದಿದೆ, ದಯವಿಟ್ಟು ಸಹಕರಿಸಿ.’ ಇಂಥ ಫಲಕಗಳನ್ನು ಓದದವರಿಲ್ಲ. ತೊಂದರೆ ತಾಳಿಕೊಳ್ಳಿ ಎಂಬುದಷ್ಟೇ ಇದರ ಅರ್ಥ. ಆರೋಪಿ ತನಿಖೆಗೆ ಸಹಕರಿಸುತ್ತಿಲ್ಲ ಎಂದು ಪೊಲೀಸರು ಹೇಳಿದರೆ, ಆತ ಹೇಳಿದಂತೆ ಕೇಳುತ್ತಿಲ್ಲ ಎಂದರ್ಥ. ಇಂಗ್ಲಿಷಿನ ‘ಕೋಆಪರೇಟ್’ ಎಂಬ ಕ್ರಿಯಾಪದಕ್ಕೂ ಈ ಅರ್ಥವುಂಟು. ಆದರೆ ಗದಗ ಸೀಮೆಯಲ್ಲಿ ಆ ಪದ ಕಾಲಿಟ್ಟಾಗ ಅದರ ತೂಕವೇ ಬೇರೆಯಿತ್ತು.

ಪದದ ಮೂಲ ಲ್ಯಾಟಿನ್. ‘ಕೋ’ ಎಂದರೆ ಜೊತೆಗೆ; ‘ಓಪುಸ್’ ಎಂದರೆ ಕೆಲಸ. ಆಪರೇಷನ್, ಆಪರೇಟರ್ ಪದಗಳೂ ಇದೇ ಬೇರಿನವು. ಕೂಡಿ ದುಡಿಯುವುದು ಎಂಬುದೇ ಅದರ ಮೊದಲ ಅರ್ಥ. ಕನ್ನಡದಲ್ಲಿ ಇದಕ್ಕೆ ಸಿಕ್ಕ ‘ಸಹಕಾರ’ ಪದದ ಕಥೆಯೂ ಸ್ವಾರಸ್ಯಕರ. ಹಳೆಯ ಕಾವ್ಯಗಳಲ್ಲಿ ಸಹಕಾರವೆಂದರೆ ಮಾವಿನ ಮರ! ಪಂಪ ಮೆಚ್ಚಿದ ಕನ್ನಡದ ನೆಲ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಕಾವ್ಯರಸಿಕರಿಗೂ ಆ ಪದ ಕೇಳಿದೊಡನೆ ಚಿಗುರು ಮಾವು ನೆನಪಾಗಿದ್ದೀತು, ಸಾಲದ ಸಂಘವಲ್ಲ.

ಸಂಘದ ಅರ್ಥ ಬಂದುದು ಕಾನೂನಿನ ಮೂಲಕ. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಮೊದಲ ಕೃಷಿ ಪತ್ತಿನ ಸಂಘವೆಂದು ಅದು ಹೆಸರಾಯಿತು. ಹಳ್ಳಿಯ ಸಂಘಕ್ಕೆ ಆ ಕಾಯಿದೆ ವಿಧಿಸಿದ್ದು ಅಪರಿಮಿತ ಹೊಣೆ. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಅದಕ್ಕೆ ಬಾಧ್ಯ. ಹೀಗಾಗಿ ಸಹಕರಿಸುವುದೆಂದರೆ ನೆರೆಯವನ ಸಾಲಕ್ಕೆ ತನ್ನ ಹೊಲವನ್ನು ಒಡ್ಡುವುದು. ಅವನ ಬೆಳೆ, ಅವನ ನಡತೆ ಎರಡನ್ನೂ ಬಲ್ಲವನು ಮಾತ್ರ ಇದಕ್ಕೆ ಒಪ್ಪಬಲ್ಲ. ಸಾಹುಕಾರನ ಬಡ್ಡಿಗೆ ಎದುರಾಗಿ ನಿಂತ ಬಂಡವಾಳ ಈ ನಂಬಿಕೆಯೇ.

ಈ ಕಾಯಿದೆ ಬ್ರಿಟಿಷ್ ಸೀಮೆಗೆ ಮಾತ್ರ. ಗದಗ-ಬೆಟಗೇರಿ, ಮುಂಡರಗಿ ಅದರೊಳಗಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಒಂದೇ ಕರಿಮಣ್ಣಿನ ರೈತರಿಗೆ ಎರಡು ಆಡಳಿತ.

1920ರಲ್ಲಿ ಗಾಂಧೀಜಿ ‘ಅಸಹಕಾರ’ಕ್ಕೆ ಕರೆಕೊಟ್ಟರು. ಹದಿನೈದು ವರ್ಷಗಳಲ್ಲೇ ಅದೇ ಪದಕ್ಕೆ ನಿಷೇಧದ ರೂಪ ಬಂದಿತು. ನೆರೆಯವನೊಡನೆ ಸಹಕಾರ, ಪರಕೀಯ ಸರಕಾರದೊಡನೆ ಅಸಹಕಾರ. ಎರಡರಲ್ಲೂ ‘ಯಾರೊಡನೆ’ ಎಂಬ ಪ್ರಶ್ನೆ ಮುಖ್ಯವಾಗಿತ್ತು.

ಇಂದಿನ ಕನ್ನಡ ಅದನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತಿದೆ. ‘ಒಡನೆ’ ಹೋಗಿ ‘ಗೆ’ ಬಂದಿದೆ: ಇಲಾಖೆಗೆ ಸಹಕರಿಸಿ, ಅಧಿಕಾರಿಗಳಿಗೆ ಸಹಕರಿಸಿ. ವಿಭಕ್ತಿ ಬದಲಾದೊಡನೆ ಜೊತೆಗಾರ ವಿಧೇಯನಾಗುತ್ತಾನೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವ ಸದಸ್ಯನಿಗೂ ‘ಸ್ವಲ್ಪ ಸಹಕರಿಸಿ’ ಎಂದು ಕೂರಿಸಿದರೆ ಪದದ ಅರ್ಥ ತಲೆಕೆಳಗಾದಂತೆ. ಕಣಗಿನಹಾಳದ ಲೆಕ್ಕದಲ್ಲಿ, ಎದ್ದು ನಿಂತು ಕೇಳುವವನೇ ಸಹಕರಿಸುವವನು. ಏಕೆಂದರೆ ಅಂದು ಒಡ್ಡಿದ್ದು ಅವನ ಹೊಲ.